ಗುರುದೇವರ ಶಾಲೆಯೂ ಅದರ ಉಪಾಧ್ಯಾಯರೂ

ನಮ್ಮ ಬೆಂಗಳೂರಿನ ಉತ್ತರ ಭಾಗದಲ್ಲಿ ಆರ್.ಟಿ. ನಗರವೆಂಬ ಬಡಾವಣೆಯಿರುವುದನ್ನು ವಾಚಕ ಮಹಾಶಯರೆಲ್ಲರೂ ಬಲ್ಲರು. ಬಸ್ಸುಗಳ ಫಲಕಗಳ ಮೇಲೆಯೂ ಅಂಗಡಿಗಳ ಹಲಗೆಗಳ ಮೇಲೆಯೂ ಆ ಎರಡಕ್ಷರಗಳನ್ನು ದಿನವೂ ಓದುತ್ತೇವೆ. ಆ ಅಕ್ಷರಗಳೊಳಗೆ ಅಡಗಿರುವವರು ರವೀಂದ್ರನಾಥ ಠಾಕೂರರೆಂಬುದನ್ನು ಅಲ್ಲಿಯೇ ಹುಟ್ಟಿ ಬೆಳೆದ ಹುಡುಗರಲ್ಲಿ ಎಷ್ಟು ಮಂದಿ ಬಲ್ಲರೆಂಬುದು ಸಂದೇಹಾಸ್ಪದವೇ ಸರಿ. ಬಲ್ಲವರಾದರೂ ಅವರನ್ನು ಕವಿಯೆಂದು ಬಲ್ಲರು, ನಮ್ಮ ರಾಷ್ಟ್ರಗೀತವನ್ನು ರಚಿಸಿದವರೆಂದು ಬಲ್ಲರು. ನಲವತ್ತು ವರ್ಷಗಳ ಕಾಲ ಒಂದು ಶಾಲೆಯನ್ನು ನಡೆಸಿ, ಅದರ ಸಾಲವನ್ನು ಹೊತ್ತು, ಅದರ ಉಪಾಧ್ಯಾಯರ ಕಷ್ಟಸುಖಗಳನ್ನು ವಿಚಾರಿಸಿ, ಅದರ ಅನ್ನಶಾಲೆಯ ಜಗಳಗಳನ್ನೂ ತೀರಿಸಿದ ಶಾಲಾಧಿಪತಿಯೆಂದು ಅವರನ್ನು ನೆನೆಯುವವರು ವಿರಳ.

ಇದನ್ನು ಈಗ ಬರೆಯುವುದಕ್ಕೆ ಕಾರಣವುಂಟು. ಈಚೆಗೆ ಆ ಪ್ರಾಂತದ ಒಂದು ಶಾಲೆಯ ಆಡಳಿತ ಮಂಡಲಿಯವರು ಸಲಹೆಗೆಂದು ನಮ್ಮನ್ನು ಬರಮಾಡಿಕೊಂಡಿದ್ದರು. ಒಂದೇ ವರ್ಷದಲ್ಲಿ ನಾಲ್ವರು ಉಪಾಧ್ಯಾಯರು ಅಲ್ಲಿಂದ ಬಿಟ್ಟುಹೋಗಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತವನ್ನು ಹೇಳಿಕೊಡುವವರು ಅರ್ಧ ವರ್ಷದಲ್ಲಿ ಮೂರು ಬಾರಿ ಬದಲಾಗಿದ್ದರು. ಮಂಡಲಿಯವರು ಇದಕ್ಕೆ ಕಂಡುಕೊಂಡಿದ್ದ ಪರಿಹಾರಗಳು ಎರಡು: ಬಾಗಿಲಲ್ಲಿ ಹೆಬ್ಬೆರಳನ್ನೊತ್ತುವ ಯಂತ್ರವೊಂದು, ತರಗತಿಗಳಲ್ಲಿ ಕ್ಯಾಮರಾಗಳು. ಇವೆರಡನ್ನೂ ನೋಡಿಕೊಳ್ಳಲು ಕಟ್ಟುನಿಟ್ಟಿನ ಹೆಡ್ಮಾಸ್ಟರರೊಬ್ಬರು ಬೇಕಾಗಿತ್ತು. ಉಪಾಧ್ಯಾಯರನ್ನು ಕರೆಯಿಸಿ ಕಾರಣವನ್ನು ಕೇಳಿದಿರಾ ಎಂದು ನಾವು ವಿಚಾರಿಸಿದೆವು. ಮಂಡಲಿಯವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಅಂತಹ ಪದ್ಧತಿಯು ಅಲ್ಲಿರಲಿಲ್ಲ. ಮನೆಗೆ ಹಿಂದಿರುಗುವಾಗ ರಸ್ತೆಯ ತಿರುವಿನಲ್ಲಿ ಬಡಾವಣೆಯ ಹೆಸರನ್ನು ಕಂಡು ನಮಗೆ ಶಾಂತಿನಿಕೇತನದ ನೆನಪಾಯಿತು. ಯಾರ ಹೆಸರಿನ ನೆರಳಿನಲ್ಲಿ ಈ ಶಾಲೆಯು ನಿಂತಿದೆಯೋ ಆತನು ತನ್ನ ಶಾಲೆಯನ್ನು ಹೇಗೆ ನಡೆಸಿದನೆಂಬುದನ್ನು ಆ ಮಹನೀಯರಿಗೂ, ಅಂತಹ ಸ್ಥಾನಗಳಲ್ಲಿರುವ ಇತರರಿಗೂ ತಿಳಿಯಪಡಿಸುವುದು ಯುಕ್ತವೆಂದು ತೋರಿತು.

ರವೀಂದ್ರರು ೧೮೬೧ನೆಯ ಮೇ ೭ರಂದು ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಹುಟ್ಟಿದರು. ತಂದೆ ಮಹರ್ಷಿ ದೇವೇಂದ್ರನಾಥರು ಬ್ರಾಹ್ಮಸಮಾಜದ ಧುರೀಣರು. ಮನೆಯಲ್ಲಿ ಸಂಗೀತವಿತ್ತು, ಸಾಹಿತ್ಯವಿತ್ತು, ಐಶ್ವರ್ಯವಿತ್ತು. ಆದರೆ ಹುಡುಗನಿಗೆ ಶಾಲೆಯ ಸುಖವೊಂದು ಇರಲಿಲ್ಲ. ಓರಿಯೆಂಟಲ್ ಸೆಮಿನರಿ, ನಾರ್ಮಲ್ ಸ್ಕೂಲು, ಬೆಂಗಾಲ್ ಅಕಾಡೆಮಿ, ಸೇಂಟ್ ಜೇವಿಯರ್ ಶಾಲೆ, ಹೀಗೆ ಒಂದರಿಂದೊಂದಕ್ಕೆ ತಿರುಗಿದರೂ ಎಲ್ಲಿಯೂ ಮನಸ್ಸು ನಿಲ್ಲಲಿಲ್ಲ. ನಾರ್ಮಲ್ ಶಾಲೆಯಲ್ಲಿ ಉಪಾಧ್ಯಾಯರೊಬ್ಬರ ಬಾಯಿಂದ ಬರುತ್ತಿದ್ದ ಮಾತುಗಳು ಎಷ್ಟು ಹೀನವಾಗಿದ್ದುವೆಂದರೆ, ಈ ಬಾಲಕನು ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನೇ ಬಿಟ್ಟುಬಿಟ್ಟನು. ವರ್ಷವಿಡೀ ತರಗತಿಯ ಕೊನೆಯಲ್ಲಿ ಸುಮ್ಮನೆ ಕುಳಿತಿದ್ದನು. ವರ್ಷಾಂತ್ಯದ ಬಂಗಾಳಿ ಪರೀಕ್ಷೆಯಲ್ಲಿ ಅವನಿಗೇ ಎಲ್ಲರಿಗಿಂತ ಹೆಚ್ಚು ಅಂಕಗಳು ಬಂದುವು. ಪರೀಕ್ಷಕರು ಪಕ್ಷಪಾತ ಮಾಡಿದರೆಂದು ಆ ಉಪಾಧ್ಯಾಯರು ದೂರಿತ್ತರು. ಎರಡನೆಯ ಬಾರಿ ಪರೀಕ್ಷೆಯಾಯಿತು. ಈ ಸಲ ಮೇಲ್ವಿಚಾರಕರೇ ಪರೀಕ್ಷಕರ ಪಕ್ಕದಲ್ಲಿ ಕುಳಿತಿದ್ದರು. ಮತ್ತೆ ಅವನೇ ಮೊದಲಿಗನಾದನು. ತರಗತಿಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ವರ್ಷದಲ್ಲಿ ಒಂದು ದಿನವಾದರೂ ನೋಡದೆ, ಅಂಕಗಳ ವಿಷಯಕ್ಕೆ ಮಾತ್ರ ಎದ್ದುಬರುವ ಮೇಲ್ವಿಚಾರಣೆಯು ನಮ್ಮಲ್ಲಿ ಇಂದಿಗೂ ಅಪರಿಚಿತವಲ್ಲ.

ಆ ಬಾಲ್ಯದ ಶಾಲೆಗಳಿಂದ ಅವರು ಕೃತಜ್ಞತೆಯಿಂದ ನೆನೆದುಕೊಂಡ ಉಪಾಧ್ಯಾಯರಲ್ಲಿ ಮುಖ್ಯರಾದವರು ಸೇಂಟ್ ಜೇವಿಯರ್ ಶಾಲೆಯ ಪಾದ್ರಿ ಡಿ ಪೆನೆರಾಂಡಾ. ಸ್ಪೇನ್ ದೇಶದವರಾದ ಅವರ ಇಂಗ್ಲಿಷು ಅಷ್ಟು ಚೆನ್ನಾಗಿರಲಿಲ್ಲವಾದುದರಿಂದ ಹುಡುಗರು ಅವರನ್ನು ಲಕ್ಷಿಸುತ್ತಿರಲಿಲ್ಲ. ಒಂದು ದಿನ ಬರೆಯುವ ಪಾಠದ ಹೊತ್ತಿನಲ್ಲಿ ಲೇಖನಿಯನ್ನು ಹಿಡಿದು ಸುಮ್ಮನೆ ಕುಳಿತಿದ್ದ ರವೀಂದ್ರನ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು, ಮೈ ಸರಿಯಿಲ್ಲವೇ ಎಂದು ಕೇಳಿದರು. ನಡೆದುದು ಇಷ್ಟೇ. ಐವತ್ತು ವರ್ಷ ವಯಸ್ಸಾದ ಮೇಲೆ ತಮ್ಮ ಜೀವನಸ್ಮೃತಿಯನ್ನು ಬರೆಯುವಾಗ ರವೀಂದ್ರರು ಆ ಕೈಯನ್ನು ಮರೆತಿರಲಿಲ್ಲ. ಹದಿನಾಲ್ಕು ವರ್ಷದ ಸುಮಾರಿಗೆ ಶಾಲೆಯನ್ನು ಬಿಟ್ಟರು. ಅನಂತರ ವಿಲಾಯತಿಗೆ ಹೋಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಕಾಲವಿದ್ದು, ೧೮೮೦ರಲ್ಲಿ ಪದವಿಯಿಲ್ಲದೆಯೇ ಹಿಂದಿರುಗಿದರು.

ಕನ್ನಡ ನಾಡಿಗೂ ಅವರಿಗೂ ಮೊದಲ ಸಂಬಂಧವುಂಟಾದುದು ೧೮೮೩ರಲ್ಲಿ. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಾರವಾರದ ಕಡಲ ತಡಿಯಲ್ಲಿ ತಂಗಿದ್ದಾಗ ರವೀಂದ್ರರು ಪ್ರಕೃತಿರ್ ಪ್ರತಿಶೋಧವೆಂಬ ನಾಟಕವನ್ನು ಬರೆದರು. ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಪ್ರೀತಿಯು ಮರಳಿ ಲೋಕಕ್ಕೆ ಎಳೆದುತರುವುದೇ ಅದರ ಕಥೆ. ಇಂದು ಆ ಕಡಲತೀರಕ್ಕೆ ಅವರದೇ ಹೆಸರಿದೆ.

ಮುಂದೆ ಹಲವು ವರ್ಷಗಳ ಕಾಲ ಅವರು ಪೂರ್ವ ಬಂಗಾಳದ ಶಿಲಾಯಿದಹ, ಪತಿಸರ ಮೊದಲಾದೆಡೆಗಳಲ್ಲಿ ಮನೆತನದ ಜಮೀನುದಾರಿಯನ್ನು ನೋಡಿಕೊಂಡರು. ರೈತರ ಬಡತನವನ್ನೂ ಕಚೇರಿಯ ನೌಕರರ ಸ್ವಭಾವವನ್ನೂ ಕಣ್ಣಾರೆ ಕಂಡುದು ಅಲ್ಲಿಯೇ. ಮನುಷ್ಯರನ್ನು ಗುರುತಿಸುವ ವಿದ್ಯೆಯನ್ನು ಅವರು ಕಲಿತುದು ಈ ಕಚೇರಿಗಳಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಅದರ ಫಲವು ಶಾಲೆಗೆ ಬಂದುದನ್ನು ಮುಂದೆ ಹೇಳುವೆವು.

ಬೋಲಪುರದ ಬಳಿ ಮಹರ್ಷಿಗಳು ೧೮೬೩ರಲ್ಲಿ ಪಡೆದಿದ್ದ ಬಯಲಿನಲ್ಲಿ, ಶಾಂತಿನಿಕೇತನವೆಂಬ ಆಶ್ರಮದಲ್ಲಿ, ೧೯೦೧ನೆಯ ಡಿಸೆಂಬರ್ ೨೨ರಂದು ರವೀಂದ್ರರು ಬ್ರಹ್ಮಚರ್ಯಾಶ್ರಮವನ್ನು ಆರಂಭಿಸಿದರು. ವಿದ್ಯಾರ್ಥಿಗಳು ಐದೇ ಮಂದಿ. ಅವರಲ್ಲಿ ಒಬ್ಬನು ಅವರ ಹಿರಿಯ ಮಗ ರಥೀಂದ್ರನಾಥ. ಮೊದಲಲ್ಲಿ ಶುಲ್ಕವಿರಲಿಲ್ಲ. ಊಟವಸತಿಗಳನ್ನು ಶಾಲೆಯೇ ಕೊಡಬೇಕಾಗಿತ್ತು. ಪತ್ನಿ ಮೃಣಾಲಿನೀದೇವಿಯರು ತಮ್ಮ ಒಡವೆಗಳನ್ನು ಒಂದೊಂದಾಗಿ ಮಾರಲು ಕೊಟ್ಟರು. ಹುಡುಗರ ಊಟೋಪಚಾರವನ್ನೂ ತಾವೇ ನೋಡಿಕೊಂಡರು. ಪುರಿಯಲ್ಲಿದ್ದ ಮನೆಯನ್ನು ಮಾರಿದರು. ಸಾಲವು ಬೆಳೆಯಿತು. ಶಾಲೆಯು ವರ್ಷ ತುಂಬುವ ಮೊದಲೇ, ೧೯೦೨ರ ನವೆಂಬರಿನಲ್ಲಿ, ಆ ಸಾಧ್ವಿಯು ತೀರಿಕೊಂಡರು. ೧೯೦೩ರಲ್ಲಿ ಎರಡನೆಯ ಮಗಳು ರೇಣುಕಾ, ೧೯೦೫ರಲ್ಲಿ ತಂದೆ, ೧೯೦೭ರಲ್ಲಿ ಕಿರಿಯ ಮಗ ಶಮೀಂದ್ರ. ಇಷ್ಟು ಸಾವುಗಳ ನಡುವೆಯೂ ಶಾಲೆಯ ಬಾಗಿಲು ಮುಚ್ಚಲಿಲ್ಲ.

ಆ ದರಿದ್ರ ಶಾಲೆಗೆ ಉಪಾಧ್ಯಾಯರು ಎಲ್ಲಿಂದ ಬಂದರು? ಪತ್ರಿಕೆಯಲ್ಲಿ ಪ್ರಕಟನೆಯನ್ನು ಕೊಟ್ಟು, ಪ್ರಮಾಣಪತ್ರಗಳನ್ನು ತೂಗಿ ಆರಿಸಿದವರಲ್ಲ. ಜಗದಾನಂದ ರಾಯರೆಂಬವರು ವಿಜ್ಞಾನ ವಿಷಯಗಳನ್ನು ಕುರಿತು ಬಂಗಾಳಿಯಲ್ಲಿ ಲೇಖನಗಳನ್ನು ಬರೆದು, ರವೀಂದ್ರರು ಸಂಪಾದಿಸುತ್ತಿದ್ದ ಸಾಧನಾ ಪತ್ರಿಕೆಗೆ ಕಳುಹಿಸುತ್ತಿದ್ದರು. ಬಡತನದಲ್ಲಿದ್ದ ಅವರಿಗೆ ಮೊದಲು ಜಮೀನುದಾರಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಲೆಕ್ಕದ ಪುಸ್ತಕವು ಅವರಿಗೆ ತಕ್ಕುದಲ್ಲವೆಂಬುದನ್ನು ಕಂಡು ರವೀಂದ್ರರು ಅವರನ್ನು ಮೊದಲು ಮನೆಯ ಮಕ್ಕಳಿಗೂ, ಬಳಿಕ ಶಾಲೆಗೂ ಗುರುವನ್ನಾಗಿ ಮಾಡಿಕೊಂಡರು. ಗಣಿತ ವಿಜ್ಞಾನಗಳನ್ನು ಹೇಳಿಕೊಡುತ್ತ, ರಾತ್ರಿ ಹುಡುಗರಿಗೆ ನಕ್ಷತ್ರಗಳನ್ನು ತೋರಿಸುತ್ತ, ಜಗದಾನಂದರು ಬಂಗಾಳಿ ಮಕ್ಕಳಿಗಾಗಿ ಗ್ರಹ, ನಕ್ಷತ್ರ, ಗಿಡಮರ, ಕೀಟಗಳನ್ನು ಕುರಿತು ಪುಸ್ತಕದ ಮೇಲೆ ಪುಸ್ತಕವನ್ನು ಬರೆದರು.

ಹರಿಚರಣ ಬಂದ್ಯೋಪಾಧ್ಯಾಯರ ಕಥೆಯು ಇದಕ್ಕಿಂತಲೂ ಅಪೂರ್ವವಾದುದು. ಅವರು ಪತಿಸರದ ಕಚೇರಿಯಲ್ಲಿ ನೌಕರರು. ಒಮ್ಮೆ ಅಲ್ಲಿಗೆ ಬಂದಿದ್ದ ರವೀಂದ್ರರು, ಹಗಲಿನ ಕೆಲಸ ಮುಗಿದ ಮೇಲೆ ಏನು ಮಾಡುವಿರೆಂದು ವಿಚಾರಿಸಿದರು. ರಾತ್ರಿಯ ಹೊತ್ತು ಸಂಸ್ಕೃತವನ್ನು ಓದುವುದಾಗಿಯೂ ಒಂದು ಪುಸ್ತಕವನ್ನು ಬರೆಯುತ್ತಿರುವುದಾಗಿಯೂ ಹರಿಚರಣರು ತಿಳಿಸಿ ಹಸ್ತಪ್ರತಿಯನ್ನು ತಂದು ತೋರಿಸಿದರು. ಮಾತು ಅಲ್ಲಿಗೆ ನಿಂತಿತು. ಕೆಲವು ಕಾಲದ ಮೇಲೆ ಆ ಸಂಸ್ಕೃತಜ್ಞ ನೌಕರರನ್ನು ಶಾಂತಿನಿಕೇತನಕ್ಕೆ ಕಳುಹಿಸಬೇಕೆಂದು ಕಚೇರಿಯ ಮ್ಯಾನೇಜರರಿಗೆ ಕಾಗದವು ಬಂದಿತು. ೧೯೦೨ರಲ್ಲಿ ಹರಿಚರಣರು ಸಂಸ್ಕೃತದ ಉಪಾಧ್ಯಾಯರಾದರು. ಬಂಗಾಳಿ ಭಾಷೆಗೆ ಒಂದು ಸಮಗ್ರ ನಿಘಂಟು ಬೇಕೆಂದು ರವೀಂದ್ರರು ಅವರಿಗೆ ಸೂಚಿಸಿದರು. ೧೯೦೫ರಲ್ಲಿ ಅವರು ಆ ಕೆಲಸಕ್ಕೆ ಕೈಹಚ್ಚಿದರು. ನಡುವೆ ಶಾಲೆಗೆ ಹಣದ ಮುಗ್ಗಟ್ಟಾಗಿ ಅವರು ಕೆಲಕಾಲ ಕಲ್ಕತ್ತೆಗೆ ಹೋಗಬೇಕಾಯಿತು. ನಿಘಂಟಿನ ಕೆಲಸವು ನಿಂತಿತು. ರವೀಂದ್ರರು ಕಾಸಿಂಬಜಾರಿನ ಮಹಾರಾಜ ಮಣೀಂದ್ರಚಂದ್ರ ನಂದಿಯವರನ್ನು ಕಂಡು ಅವರಿಗೆ ಮಾಸಾಶನವನ್ನು ಏರ್ಪಡಿಸಿ ಹಿಂದಕ್ಕೆ ಕರೆಯಿಸಿಕೊಂಡರು. ತಮ್ಮ ಗ್ರಂಥಗಳಿಗಾಗಿ ಯಾರ ಬಾಗಿಲಿಗೂ ಹೋಗದ ಕವಿಯು ತನ್ನ ಶಾಲೆಯ ಸಂಸ್ಕೃತ ಪಂಡಿತನ ನಿಘಂಟಿಗಾಗಿ ಧನಿಕರ ಬಾಗಿಲಿಗೆ ಹೋದನು. ಶಾಲೆಯ ಮುಖ್ಯಸ್ಥರೆನಿಸಿಕೊಂಡವರು ಈ ಒಂದು ಸಂಗತಿಯನ್ನು ಎರಡು ಬಾರಿ ಓದಬೇಕೆಂದು ನಮ್ಮ ವಿನಂತಿ.

ಹೀಗೆ ಬಂದವರು ಇನ್ನೂ ಹಲವರುಂಟು. ತರುಣ ಕವಿ ಸತೀಶಚಂದ್ರ ರಾಯನು ಬಿ.ಎ. ಪರೀಕ್ಷೆಯನ್ನು ಕೈಬಿಟ್ಟು ಬಂದು ಹುಡುಗರೊಡನೆ ಬೆರೆತು, ೧೯೦೪ರಲ್ಲಿ ಸಿಡುಬಿಗೆ ಬಲಿಯಾದನು. ಶಾಲೆಯನ್ನು ತಾತ್ಕಾಲಿಕವಾಗಿ ಶಿಲಾಯಿದಹಕ್ಕೆ ಸಾಗಿಸಬೇಕಾಯಿತು. ವಿಧುಶೇಖರ ಶಾಸ್ತ್ರಿಗಳು ಬೌದ್ಧಶಾಸ್ತ್ರ ಪಾಲಿಗಳಲ್ಲಿ ಪಾರಂಗತರಾದುದು ಇಲ್ಲಿಯೇ. ಚಂಬಾ ಸಂಸ್ಥಾನದಲ್ಲಿದ್ದ ಕ್ಷಿತಿಮೋಹನ ಸೇನರು ೧೯೦೮ರಲ್ಲಿ ಬಂದರು. ಅವರು ಕೂಡಿಟ್ಟಿದ್ದ ಕಬೀರನ ಪದಗಳ ಆಧಾರದ ಮೇಲೆಯೇ ರವೀಂದ್ರರ ಇಂಗ್ಲಿಷ್ ಕಬೀರ ಗ್ರಂಥವು ಸಿದ್ಧವಾಯಿತು. ಒಬ್ಬೊಬ್ಬ ಉಪಾಧ್ಯಾಯನಿಗೂ ಪಾಠದ ಆಚೆಗೆ ತನ್ನದೇ ಆದ ಒಂದು ಕೃಷಿಯಿತ್ತೆಂಬುದನ್ನು ಗಮನಿಸಬೇಕು. ತಾನು ಕಲಿಯುವುದನ್ನು ನಿಲ್ಲಿಸಿದ ಗುರುವು ಇತರರಿಗೆ ಕಲಿಸಲಾರನೆಂಬುದು ರವೀಂದ್ರರ ದೃಢವಾದ ನಂಬಿಕೆಯಾಗಿತ್ತು. ಸಂಬಳವು ಅಲ್ಪ, ಸರ್ಕಾರಿ ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚು ದೊರೆಯುತ್ತಿತ್ತು. ಆದಾಗ್ಯೂ ಅವರು ಅಲ್ಲಿಯೇ ಮುದುಕರಾದರು. ಇದರಿಂದ ಉಪಾಧ್ಯಾಯರಿಗೆ ಸಂಬಳವು ಬೇಡವೆಂದು ಯಾವ ಮಂಡಲಿಯವರೂ ಅರ್ಥಮಾಡಿಕೊಳ್ಳಬಾರದು. ರವೀಂದ್ರರು ಸ್ವಂತದ ಒಡವೆ, ಮನೆ, ಗ್ರಂಥಗಳ ಹಕ್ಕು ಎಲ್ಲವನ್ನೂ ಮಾರಿದ ಬಳಿಕವೇ ಇತರರಿಂದ ತ್ಯಾಗವನ್ನು ಪಡೆದರು.

ಇನ್ನು ಆಡಳಿತದ ಕ್ರಮ. ಕೆಲವು ವರ್ಷಗಳ ಅನುಭವದ ಮೇಲೆ ಶಾಲೆಯಲ್ಲಿ ಹೆಡ್ಮಾಸ್ಟರರ ಸ್ಥಾನವನ್ನೇ ತೆಗೆದುಹಾಕಿದರು. ಉಪಾಧ್ಯಾಯರು ತಮ್ಮೊಳಗಿಂದ ಒಂದು ಸಮಿತಿಯನ್ನು ಚುನಾಯಿಸಿ ಅದರ ಮೂಲಕ ಶಾಲೆಯನ್ನು ನಡೆಸುವರು; ಅವರಲ್ಲೊಬ್ಬರು ವರ್ಷಕ್ಕೊಮ್ಮೆ ಸರ್ವಾಧ್ಯಕ್ಷರಾಗಿ ಆರಿಸಲ್ಪಡುವರು. ಹುಡುಗರಿಗೂ ತಮ್ಮ ನಾಯಕರನ್ನು ಆರಿಸಿಕೊಳ್ಳುವ ಹಕ್ಕಿತ್ತು. ಹುಡುಗರ ತಪ್ಪುಗಳನ್ನು ವಿಚಾರಿಸಲು ಹುಡುಗರದೇ ನ್ಯಾಯಸಭೆಯಿತ್ತು. ಬೆತ್ತಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಸಂಸ್ಥಾಪಕರು, ಹಣವನ್ನೊದಗಿಸುವವರು, ಜಗತ್ಪ್ರಸಿದ್ಧರು ಎಲ್ಲವೂ ಒಬ್ಬರೇ ಆಗಿರುವಲ್ಲಿ ಇಂತಹ ಸಮಿತಿಯ ಸ್ವಾತಂತ್ರ್ಯವು ಎಷ್ಟರದೆಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಅವರ ಮಾತನ್ನು ಮೀರುವುದು ಯಾರಿಗೂ ಸುಲಭವಾಗಿರಲಿಲ್ಲ. ಆದರೂ ೧೯೧೨-೧೩ರಲ್ಲಿಯೂ, ೧೯೧೬-೧೭ರಲ್ಲಿಯೂ, ೧೯೨೦-೨೧ರಲ್ಲಿಯೂ ಅವರು ತಿಂಗಳುಗಟ್ಟಲೆ ಪರದೇಶಗಳಲ್ಲಿದ್ದಾಗ ಶಾಲೆಯು ನಡೆಯಿತು. ಅಧಿಪತಿಯು ಹತ್ತು ದಿನ ಊರಿನಲ್ಲಿಲ್ಲದಿದ್ದರೆ ಗಂಟೆ ಹೊಡೆಯುವುದೂ ನಿಲ್ಲುವ ಶಾಲೆಗಳನ್ನು ನಾವು ಕಂಡಿದ್ದೇವೆ.

ಅವರು ತಪ್ಪೇ ಮಾಡಲಿಲ್ಲವೆಂದು ನಾವು ಬರೆದರೆ ಅದು ಜೀವನಚರಿತ್ರೆಯಾಗದು. ೧೯೦೨ರಲ್ಲಿ ಕುಂಜಲಾಲ ಘೋಷರೆಂಬ ಬ್ರಾಹ್ಮಣೇತರ ಉಪಾಧ್ಯಾಯರು ಶಾಲೆಗೆ ಬಂದಾಗ, ಬ್ರಾಹ್ಮಣ ವಿದ್ಯಾರ್ಥಿಗಳು ಅವರ ಪಾದಗಳನ್ನು ಮುಟ್ಟಿ ನಮಸ್ಕರಿಸಬಹುದೇ ಎಂಬ ಪ್ರಶ್ನೆಯೆದ್ದಿತು. ಹಿಂದೂ ಸಮಾಜದ ಆಚಾರಕ್ಕೆ ವಿರುದ್ಧವಾದುದನ್ನು ಶಾಲೆಯಲ್ಲಿ ನಡೆಸಬಾರದೆಂದು ರವೀಂದ್ರರು ಅಂದು ತೀರ್ಮಾನಿಸಿದರು: ಬ್ರಾಹ್ಮಣ ಗುರುಗಳಿಗೆ ಪ್ರಣಾಮ, ಉಳಿದವರಿಗೆ ಕೈಮುಗಿಯುವ ನಮಸ್ಕಾರ. ಗುರುವಿನ ಗೌರವವನ್ನು ಜಾತಿಯಿಂದ ಅಳೆಯುವ ಈ ಏರ್ಪಾಡು ಅವರ ಶಾಲೆಯ ಚರಿತ್ರೆಯಲ್ಲಿ ಒಂದು ಕಲೆಯಾಗಿಯೇ ಉಳಿದಿದೆ. ಒಬ್ಬ ಉಪಾಧ್ಯಾಯನು ತನ್ನ ವಿದ್ಯಾರ್ಥಿಗಳ ಎದುರಿನಲ್ಲಿ ಕೀಳೆನಿಸಿಕೊಂಡರೆ ಆತನ ಪಾಠಕ್ಕೆ ಬೆಲೆಯೆಲ್ಲಿಯದು? ಮುಂದೆ ಇದೇ ಮನುಷ್ಯರು ಗೋರಾ ಕಾದಂಬರಿಯನ್ನು ಬರೆದರು. ಶಾಲೆಯ ಜಾತಿಭೇದಗಳೂ ಕ್ರಮೇಣ ಕಳಚಿಬಿದ್ದುವು. ಕ್ರೈಸ್ತರು, ಮುಸಲ್ಮಾನರು, ಬೌದ್ಧರು ಅಲ್ಲಿ ಒಟ್ಟಿಗೆ ಓದಿದರು. ಅವರು ತಮ್ಮ ಶಾಲೆಯಿಂದ ತಾವೇ ಕಲಿತವರು. ಆ ಕಲಿಕೆಗೆ ಕೆಲವು ವರ್ಷಗಳು ಹಿಡಿದುವು.

ಪಾಠಗಳು ಮರದ ನೆರಳಿನಲ್ಲಿ ನಡೆಯುತ್ತಿದ್ದುವೆಂಬುದು ಎಲ್ಲರೂ ಬಲ್ಲ ಸಂಗತಿ. ಹುಡುಗನು ತನ್ನ ಆಸನವನ್ನು ಕಂಕುಳಲ್ಲಿಟ್ಟುಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುತ್ತಿದ್ದನು. ನಮಗೆ ಮರಗಳಿಗಿಂತ ಮುಖ್ಯವಾಗಿ ತೋರುವುದು ಬೇರೊಂದು. ಶಾಲಾಧಿಪತಿಯು ತಾನೇ ಪಾಠ ಹೇಳುತ್ತಿದ್ದನು. ಇಂಗ್ಲಿಷನ್ನು ಕಲಿಸುವುದಕ್ಕಾಗಿ ಇಂಗ್ರೆಜಿ ಸೋಪಾನವನ್ನು ಬರೆದನು. ಎಳೆಯ ಮಕ್ಕಳಿಗಾಗಿ ಬರೆದ ಸಹಜ ಪಾಠವು ೧೯೩೦ರಲ್ಲಿ ನಂದಲಾಲ ಬಸುಗಳ ಚಿತ್ರಗಳೊಡನೆ ಹೊರಬಂದಿತು. ೧೯೦೮ರ ಶಾರದೋತ್ಸವ ನಾಟಕವನ್ನು ಶಾಲೆಯ ಹುಡುಗರಿಗಾಗಿಯೇ ರಚಿಸಿದನು; ಉಪಾಧ್ಯಾಯರೂ ಹುಡುಗರೂ ಒಂದೇ ರಂಗದ ಮೇಲೆ ವೇಷ ಹಾಕುತ್ತಿದ್ದರು. ತರಗತಿಯಲ್ಲಿ ನಿಂತು ಬೆವರಿದ ಅಧಿಪತಿಗೆ ಮಾತ್ರವೇ ಉಪಾಧ್ಯಾಯನ ಕಷ್ಟವು ತಿಳಿಯುವುದು.

ಸರ್ಕಾರದ ದೃಷ್ಟಿಯು ಇದರ ಮೇಲೆ ಬಿದ್ದಿತು. ೧೯೧೧-೧೨ರ ಸುಮಾರಿಗೆ ಪೂರ್ವ ಬಂಗಾಳ ಮತ್ತು ಅಸ್ಸಾಂ ಪ್ರಾಂತದ ಸರ್ಕಾರವು ಒಂದು ಗುಪ್ತ ಸುತ್ತೋಲೆಯನ್ನು ಹೊರಡಿಸಿ, ಶಾಂತಿನಿಕೇತನವು ಸರ್ಕಾರಿ ನೌಕರರ ಮಕ್ಕಳ ವಿದ್ಯಾಭ್ಯಾಸಕ್ಕೆ ತಕ್ಕ ಸ್ಥಳವಲ್ಲವೆಂದು ತಿಳಿಸಿತು. ಕೆಲವರು ತಂದೆಗಳು ಹೆದರಿ ಮಕ್ಕಳನ್ನು ಕರೆದುಕೊಂಡು ಹೋದರು. ಪರರಾಜ್ಯದ ಕಾಲದ ಈ ಸುತ್ತೋಲೆಯನ್ನು ಕುರಿತು ಇಂದು ನಗುವುದು ಸುಲಭ. ಆದರೆ ಸ್ವರಾಜ್ಯದಲ್ಲಿಯೂ ಶಾಲೆಯೊಂದನ್ನು ಅದರ ಪಾಠವನ್ನು ನೋಡದೆ ಕಾಗದದ ಮೇಲೆಯೇ ತೂಗುವ ಅಭ್ಯಾಸವು ಹೋಗಿಲ್ಲವೆಂಬುದನ್ನು ನಮ್ಮ ಅಧಿಕಾರಿ ವಾಚಕರು ಒಪ್ಪುವರೆಂದು ನಂಬುತ್ತೇವೆ.

೧೯೧೩ರ ನವೆಂಬರಿನಲ್ಲಿ ನೊಬೆಲ್ ಬಹುಮಾನವು ಬಂದಿತು. ಅಲ್ಲಿಯವರೆಗೆ ಶಾಲೆಯನ್ನು ಕವಿಯ ಹುಚ್ಚೆಂದು ಹಾಸ್ಯ ಮಾಡುತ್ತಿದ್ದವರು ಕಲ್ಕತ್ತೆಯಿಂದ ವಿಶೇಷ ರೈಲಿನಲ್ಲಿ ಅಭಿನಂದಿಸಲು ಬಂದರು. ಬಂದವರಿಗೆ ಸಿಕ್ಕಿದುದು ಕಟುವಾದ ಉತ್ತರ! ಬಹುಮಾನದ ಹಣವನ್ನು ಅವರು ಪತಿಸರದ ಕೃಷಿ ಬ್ಯಾಂಕಿನಲ್ಲಿಟ್ಟರು: ರೈತರಿಗೆ ಸಾಲ, ಬಡ್ಡಿಯು ಶಾಲೆಗೆ. ೧೯೧೪ರಲ್ಲಿ ಸಿ.ಎಫ್. ಆಂಡ್ರೂಸ್, ಪಿಯರ್ಸನ್ ಎಂಬ ಇಬ್ಬರು ಇಂಗ್ಲಿಷರು ಶಾಲೆಯ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು.

ಇನ್ನು ನಾವು ಮುಖ್ಯವೆಂದೆಣಿಸುವ ಪ್ರಸಂಗಕ್ಕೆ ಬರುವೆವು. ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದ ಹುಡುಗರು ೧೯೧೪ರ ನವೆಂಬರಿನಲ್ಲಿ ಶಾಂತಿನಿಕೇತನಕ್ಕೆ ಬಂದು ತಂಗಿದ್ದರು. ೧೯೧೫ರ ಫೆಬ್ರವರಿಯಲ್ಲಿ ಗಾಂಧೀಜಿ, ಕಸ್ತೂರಬಾ ಇಬ್ಬರೂ ಬಂದರು. ಬೆಳಗಾವಿಯೊಡನೆ ಹಳೆಯ ನಂಟುಳ್ಳ ಕಾಕಾ ಕಾಲೇಲ್ಕರರೂ ಆಗ ಅಲ್ಲಿದ್ದರು. ಅಡಿಗೆಯವರನ್ನಿಟ್ಟುಕೊಳ್ಳುವುದನ್ನು ಬಿಟ್ಟು ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಾವೇ ಅಡಿಗೆ ಮಾಡಿಕೊಳ್ಳಬೇಕು, ಪಾತ್ರೆ ತೊಳೆಯಬೇಕು, ಕಸ ತೆಗೆಯಬೇಕೆಂದು ಗಾಂಧೀಜಿ ಸೂಚಿಸಿದರು. ಕೆಲವು ಉಪಾಧ್ಯಾಯರು ತಲೆಯಾಡಿಸಿದರು, ಕೆಲವರು ಸಂದೇಹಪಟ್ಟರು, ಹುಡುಗರಿಗೆ ಹೊಸತೆಂಬ ಉತ್ಸಾಹ. ವಿಷಯವು ರವೀಂದ್ರರ ಮುಂದೆ ಹೋಯಿತು. ಉಪಾಧ್ಯಾಯರು ಒಪ್ಪುವುದಾದರೆ ತಮ್ಮ ಆಕ್ಷೇಪಣೆಯೇನೂ ಇಲ್ಲವೆಂದು ಅವರು ಹೇಳಿದರು. ಮುಂದೆ ಮಹಾತ್ಮರಾಗಲಿದ್ದವರು ಕೇಳುತ್ತಿದ್ದಾರೆ, ತಾವೇ ಸಂಸ್ಥಾಪಕರು. ಒಂದು ಮಾತಿನಲ್ಲಿ ಆಜ್ಞೆಯನ್ನು ಕೊಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಮಾರ್ಚ್ ೧೦ರಂದು ಪ್ರಯೋಗವು ಆರಂಭವಾಯಿತು. ಪಿಯರ್ಸನ್ನರು ಮೈಮುರಿದು ದುಡಿದರು. ಪಾತ್ರೆ ತೊಳೆಯುವವರ ಬೇಸರವನ್ನು ಕಳೆಯಲು ಕೆಲವರು ವಿದ್ಯಾರ್ಥಿಗಳು ಸಿತಾರ್ ನುಡಿಸಿದರು. ಕೆಲವು ವಾರಗಳಲ್ಲಿ ಪ್ರಯೋಗವು ನಿಂತುಹೋಯಿತು. ಆದಾಗ್ಯೂ ಪ್ರತಿವರ್ಷವೂ ಮಾರ್ಚ್ ೧೦ರಂದು ಗಾಂಧಿ ಪುಣ್ಯಾಹವೆಂಬ ಹೆಸರಿನಲ್ಲಿ ಅಲ್ಲಿ ಕೆಲಸದಾಳುಗಳಿಗೆ ಬಿಡುವನ್ನು ಕೊಟ್ಟು ಉಳಿದವರು ದುಡಿಯುವ ಸಂಪ್ರದಾಯವು ಬೆಳೆದುಬಂದಿತು. ಮೇಲಿನಿಂದ ಹೇರಿದ ಆಜ್ಞೆಯಾಗಿದ್ದರೆ ಅದರ ನೆನಪು ಇಷ್ಟು ಬಾಳುತ್ತಿತ್ತೆಂದು ನಮಗೆ ತೋರುವುದಿಲ್ಲ.

೧೯೧೮ರಲ್ಲಿ ರವೀಂದ್ರರು ಗಿಳಿಯ ಕಥೆಯೊಂದನ್ನು ಬರೆದರು. ಹಾಡುತ್ತಿದ್ದ, ಹಾರುತ್ತಿದ್ದ, ಶಾಸ್ತ್ರವನ್ನರಿಯದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ಮನಸ್ಸಾಗುತ್ತದೆ. ಚಿನ್ನದ ಪಂಜರವಾಗುತ್ತದೆ, ಅಕ್ಕಸಾಲಿಗನಿಗೆ ಹಣ. ಗ್ರಂಥಗಳ ರಾಶಿಯಾಗುತ್ತದೆ, ನಕಲುಗಾರರಿಗೆ ಹಣ. ಮೇಲ್ವಿಚಾರಕರ ಮೇಲೆ ಮೇಲ್ವಿಚಾರಕರು ನೇಮಕವಾಗುತ್ತಾರೆ. ರಾಜನು ನೋಡಲು ಬಂದರೆ ಡೋಲು ತುತ್ತೂರಿಗಳ ಗದ್ದಲದಲ್ಲಿ ಗಿಳಿಯನ್ನು ನೋಡುವುದೇ ಮರೆತುಹೋಗುತ್ತದೆ. ಕೊನೆಗೆ ಹೊಟ್ಟೆಯ ತುಂಬ ಕಾಗದವನ್ನು ತುರುಕಿಸಿಕೊಂಡು ಗಿಳಿಯು ಸಾಯುತ್ತದೆ. ಎಲ್ಲರೂ ಲಾಭವನ್ನು ಹೊಂದಿದರು, ಗಿಳಿಯ ಹೊರತು. ಮೊದಲು ಹೇಳಿದ ಮಂಡಲಿಯ ಸಭೆಯಲ್ಲಿ ಕ್ಯಾಮರಾಗಳ ಬೆಲೆಪಟ್ಟಿಯನ್ನು ಓದುತ್ತಿದ್ದಾಗ ನಮಗೆ ಬೇಡವೆಂದರೂ ಈ ಕಥೆಯು ನೆನಪಿಗೆ ಬಂದಿತು.

೧೯೧೯ರ ಆರಂಭದಲ್ಲಿ ಅವರು ನಮ್ಮ ಬೆಂಗಳೂರಿಗೂ ಮೈಸೂರಿಗೂ ಬಂದಿದ್ದರು. ಅಲ್ಲಿಂದ ಮದನಪಲ್ಲಿಗೆ ಹೋಗಿ ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನಲ್ಲಿ ವಿಶ್ರಮಿಸುತ್ತ, ನಮ್ಮ ರಾಷ್ಟ್ರಗೀತವಾಗಲಿದ್ದ ಹಾಡನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿದರು. ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ, ಜಲಿಯನ್‌ವಾಲಾಬಾಗಿನ ಹತ್ಯೆಯನ್ನು ಪ್ರತಿಭಟಿಸಿ ಸರ್ ಪದವಿಯನ್ನು ಬಿಟ್ಟುಕೊಟ್ಟರು. ೧೯೨೧ನೆಯ ಡಿಸೆಂಬರ್ ೨೩ರಂದು ವಿಶ್ವಭಾರತಿಯ ವಿಧ್ಯುಕ್ತ ಪ್ರಾರಂಭವಾದಾಗ ಸಭೆಯ ಅಧ್ಯಕ್ಷತೆಯನ್ನು ವಹಿಸಿದವರು ಆಚಾರ್ಯ ಬ್ರಜೇಂದ್ರನಾಥ ಶೀಲರು. ಅವರು ಆಗ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರರಾಗಿದ್ದರೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ೧೯೨೮ರಲ್ಲಿ ವಿಲಾಯತಿಯ ಪ್ರಯಾಣವು ಅನಾರೋಗ್ಯದಿಂದ ತಪ್ಪಿಹೋದಾಗ ರವೀಂದ್ರರು ಬೆಂಗಳೂರಿನಲ್ಲಿ ಈ ಮಿತ್ರರ ಅತಿಥಿಯಾಗಿದ್ದು, ಶೇಷೇರ್ ಕವಿತಾ ಕಾದಂಬರಿಯನ್ನು ಇಲ್ಲಿಯೇ ಮುಗಿಸಿದರು. ಅವರ ಜನ್ಮಶತಾಬ್ದಿಯ ನೆನಪಿಗೆ ಎದ್ದ ನಮ್ಮ ರವೀಂದ್ರ ಕಲಾಕ್ಷೇತ್ರವೂ, ಬಡಾವಣೆಯ ಹೆಸರೂ ಈ ಸಂಬಂಧದ ಗುರುತುಗಳಾಗಿವೆ.

ಶಾಲ��ಯ ವಿಷಯದಲ್ಲಿ ಅವರಿಗೆ ಪೂರ್ಣ ತೃಪ್ತಿಯು ಕೊನೆಗೂ ದೊರೆಯಲಿಲ್ಲ. ತಂದೆತಾಯಿಗಳಿಗೆ ಕಲ್ಕತ್ತ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಬೇಕಾಗಿತ್ತು. ಹಾಡು, ಚಿತ್ರ, ನಕ್ಷತ್ರಗಳೆಲ್ಲವೂ ಆದ ಮೇಲೆ ಮೇಲಿನ ತರಗತಿಗಳಲ್ಲಿ ಪರೀಕ್ಷೆಯ ಪಾಠವು ಒಳನುಗ್ಗಿತು, ಅವರಿಂದ ತಡೆಯಲಾಗಲಿಲ್ಲ. ೧೯೨೨ರಲ್ಲಿ ಎಲ್ಮ್‌ಹರ್ಸ್ಟರ ನೆರವಿನಿಂದ ಸುರುಲಿನಲ್ಲಿ ಗ್ರಾಮೋದ್ಧಾರದ ಕೆಲಸವನ್ನು, ೧೯೨೪ರಲ್ಲಿ ಹಳ್ಳಿಯ ಬಡಮಕ್ಕಳಿಗಾಗಿ ಶಿಕ್ಷಾಸತ್ರವನ್ನು ಆರಂಭಿಸಿದುದಕ್ಕೆ ಈ ಅತೃಪ್ತಿಯೂ ಒಂದು ಕಾರಣ. ಪರೀಕ್ಷೆಯ ಹಂಗಿಲ್ಲದ, ಕೈಕೆಲಸವೇ ಮುಖ್ಯವಾದ ಶಾಲೆಯದು. ಮಧ್ಯಮ ವರ್ಗದವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಲಿಲ್ಲ. ಇನ್ನೊಂದು ಕೊರತೆಯೆಂದರೆ, ಹಣದ ಭಾರವೆಲ್ಲವೂ ಒಬ್ಬರ ಹೆಗಲ ಮೇಲೆಯೇ ಇದ್ದುದು. ಎಪ್ಪತ್ತೈದರ ಇಳಿವಯಸ್ಸಿನಲ್ಲಿ ನಾಟಕದ ತಂಡವನ್ನು ಕಟ್ಟಿಕೊಂಡು ಊರೂರು ತಿರುಗಿ ಶಾಲೆಗಾಗಿ ಹಣ ಕೂಡಿಸುತ್ತಿದ್ದುದನ್ನು ೧೯೩೬ರಲ್ಲಿ ಡೆಲ್ಲಿಯಲ್ಲಿ ಕಂಡ ಗಾಂಧೀಜಿ ಮರುಗಿ, ಅರವತ್ತು ಸಾವಿರ ರೂಪಾಯಿಗಳನ್ನು ದೊರಕಿಸಿಕೊಟ್ಟು ಆ ಅಲೆದಾಟವನ್ನು ನಿಲ್ಲಿಸಿದರು. ೧೯೪೦ರ ಫೆಬ್ರವರಿಯಲ್ಲಿ ಗಾಂಧೀಜಿ ಬಂದು ಹೊರಡುವಾಗ, ತಮ್ಮ ಬಳಿಕ ಸಂಸ್ಥೆಯನ್ನು ಕಾಪಾಡಬೇಕೆಂದು ಕೋರುವ ಕಾಗದವೊಂದನ್ನು ರವೀಂದ್ರರು ಅವರ ಕೈಯಲ್ಲಿಟ್ಟರು. ೧೯೪೧ನೆಯ ಆಗಸ್ಟ್ ೭ರಂದು ಜೋಡಾಸಾಂಕೋ ಮನೆಯಲ್ಲಿಯೇ ದೇಹವನ್ನು ಬಿಟ್ಟರು. ವಿಶ್ವಭಾರತಿಯು ೧೯೫೧ರಲ್ಲಿ ಕೇಂದ್ರ ವಿಶ್ವವಿದ್ಯಾಲಯವಾಯಿತು. ಶಾಂತಿನಿಕೇತನವು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆರ್.ಟಿ. ನಗರ ಪ್ರಾಂತದ ಆ ಮಂಡಲಿಯವರು ಮುಂದಿನ ಸಭೆಗೆ ನಮ್ಮನ್ನು ಮತ್ತೆ ಕರೆದಿದ್ದಾರೆ. ಉಳಿದಿರುವ ಉಪಾಧ್ಯಾಯರಲ್ಲಿ ಇಬ್ಬರಿಗಾದರೂ ಕುರ್ಚಿಯನ್ನು ಹಾಕಿಸಿದರೆ ಬರುವೆವೆಂದು ತಿಳಿಸಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.

ಹರಿಚರಣರ ನಿಘಂಟಿನ ವಿಷಯವೊಂದು ಹೇಳದೆ ಉಳಿಯಿತು. ಬರವಣಿಗೆಯು ೧೯೨೩ರ ಸುಮಾರಿಗೆ ಮುಗಿದರೂ ಅಷ್ಟು ದೊಡ್ಡ ಗ್ರಂಥವನ್ನು ಅಚ್ಚುಹಾಕಿಸುವುದಕ್ಕೆ ಶಾಲೆಯಲ್ಲಿ ಹಣವಿರಲಿಲ್ಲ. ೧೯೩೨ರಿಂದ ಅದು ಸ್ವಲ್ಪಸ್ವಲ್ಪವಾಗಿ ಬಿಡಿ ಸಂಚಿಕೆಗಳಲ್ಲಿ ಹೊರಬರತೊಡಗಿತು. ಕೊನೆಯ ಸಂಚಿಕೆಯು ಅಚ್ಚಾದಾಗ ಅದನ್ನು ಬರೆಯಿಸಿದವರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಪತಿಸರದ ಕಚೇರಿಯಿಂದ ಬಂದಿದ್ದ ಸಂಸ್ಕೃತ ಪಂಡಿತರು ೧೯೫೯ರವರೆಗೆ ಬದುಕಿದ್ದರು.